ಬೋರಮ್ಮನ ಕೈಗುಣ

ಒಬ್ಬ ಹುಡುಗಿಯ ಎರಡು ಕೈಗಳು ಅವಳಿಗೆ ತಿಳಿಯದ ಹಾಗೆ ಪರರ ಚಾಕರಿಗೆ ಸೇರಿಕೊಂಡಿದ್ದವು. ಅವಳು ಉಣ್ಣುವಾಗ ಅವು ದುಡಿಯುತ್ತಿದ್ದವು, ತಲೆ ಬಾಚಿಕೊಳ್ಳುವಾಗ ದುಡಿಯುತ್ತಿದ್ದವು, ದಿಂಬಿಗೆ ಕೆನ್ನೆಯೊತ್ತಿ ಮಲಗಿದಾಗಲೂ ಎಲ್ಲೋ ದೂರದ ರಸ್ತೆಯಲ್ಲಿ ಎಚ್ಚರವಾಗಿರುತ್ತಿದ್ದವು. ಅಜ್ಜಿಯರ ಕಥೆಯಲ್ಲಾದರೆ ಇಂಥ ಕೈಗಳನ್ನು ಕದ್ದವನು ಮಾಂತ್ರಿಕನಾಗಿರುತ್ತಾನೆ. ಅವನಿಗೊಂದು ಜಡೆ, ಒಂದು ಗುಹೆ, ಕೊನೆಗೊಂದು ಸಾವು ಇರುತ್ತದೆ. ಈ ಕಥೆಯ ಕಳ್ಳನಿಗೆ ಇದ್ದದ್ದು ಒಂದು ಗಾಜಿನ ಕಟ್ಟಡ ಮತ್ತು ಬಹಳ ಮೃದುವಾದ ಮಾತು.

ಹುಡುಗಿಯ ಹೆಸರು ಬೋರಮ್ಮ ಟಕ್ಕಳಕಿ. ವಿಜಯಪುರದವಳು. ಹಗಲು ಸೀರೆಗೆ ಫಾಲ್ ಹಚ್ಚುವ ಕೆಲಸ, ಸಂಜೆ ‘ಗಾಳಿಗಾಲಿ’ ಎಂಬ ಕಾರ್ ರೇಸಿನ ವಿಡಿಯೋ ಗೇಮ್. ದೇಶದ ತುಂಬ ಲಕ್ಷಾಂತರ ಜನ ಆಡುವ ಆ ಆಟದ ವಾರ್ಷಿಕ ಲೀಗಿನಲ್ಲಿ ಅವಳು ಸತತ ಮೂರು ವರ್ಷದ ಚಾಂಪಿಯನ್. ಗೆದ್ದಾಗಲೆಲ್ಲ ಒಂದು ಹೊಳೆಯುವ ಬಟ್ಟಲು ಬಂದಿತ್ತು. ಒಂದರಲ್ಲಿ ಆಯಿ, ಅಂದರೆ ಅವಳ ಅಜ್ಜಿ, ಸಾಸಿವೆ ಹಾಕಿಟ್ಟಿದ್ದಳು.

ಅವತ್ತು ಬೆಳಿಗ್ಗೆ ಬೋರಮ್ಮ ಸಿಂದಗಿ ನಾಕಾದಲ್ಲಿ ಮೆಂತೆಪಲ್ಲೆ ಕೊಳ್ಳುತ್ತಿದ್ದಾಗ ಚಾಲಕನಿಲ್ಲದ ಆಂಬುಲೆನ್ಸ್ ಒಂದು ಕೂಗುತ್ತ ಬಂತು. ‘ಗಾಳಿಗಾಲಿ’ ಆಡಿಸುವ ಕಂಪನಿಯದೇ ಗಾಡಿಗಳು; ಬೇರೆ ಊರುಗಳಲ್ಲಿ ಮೊದಲೇ ಓಡುತ್ತಿದ್ದವು, ಈ ಊರಿಗೆ ಬಂದು ವರ್ಷವಾಗಿತ್ತು. ಖಾಲಿ ಸೀಟನ್ನು ನೋಡಿ ಬೆರಗಾಗುವವರು ಈಗ ಯಾರೂ ಇರಲಿಲ್ಲ. ಗಾಡಿ ಎರಡು ಆಟೋಗಳ ನಡುವೆ ನೂಲಿನಂತೆ ತೂರಿತು. ಬಲಕ್ಕೆ ಹೊರಳಬೇಕು. ಹೊರಳುವ ಮುಂಚೆ, ರೆಪ್ಪೆ ಬಡಿಯುವಷ್ಟು ಹೊತ್ತು, ಅದು ತುಸುವೇ ತುಸು ಎಡಕ್ಕೆ ವಾಲಿತು. ಆಮೇಲೆ ಬಲಕ್ಕೆ ಹೊರಳಿ ಹೋಯಿತು.

ಅದು ಹೊರಳುವುದನ್ನು ಬೋರಮ್ಮ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು; ಅವಳ ಕೈ ಮೆಂತೆಯ ಕಟ್ಟನ್ನು ಹಿಂಡಿಬಿಟ್ಟಿತು.

“ಏನವಾ, ಪಲ್ಲೆ ತಗೋತೀಯೋ, ಹಿಂಡಿ ರಸಾ ತಗೀತೀಯೋ?” ಎಂದಳು ಮಾರುವವಳು.

ಆ ಎಡದ ವಾಲಾಟ ಜಗತ್ತಿನಲ್ಲಿ ಒಬ್ಬರದೇ. ಅವಳು ಆಡಲು ಹೋಗುತ್ತಿದ್ದ ರಾಚಪ್ಪನ ಆಟದಂಗಡಿಯ ಮೂಲೆಯಲ್ಲೊಂದು ಹಳೆಯ ಸ್ಟೇರಿಂಗ್ ಇತ್ತು. ಅದರ ಒಳಗಿನ ಹಲ್ಲು ಸವೆದು, ಮೊದಲು ಎಡಕ್ಕೆ ಒಂಚೂರು ಎಳೆದು ಬಿಟ್ಟರೇ ಅದು ಬಲಕ್ಕೆ ಹಿಡಿಯುತ್ತಿತ್ತು. ಗಂಡುಹುಡುಗರೆಲ್ಲ ಒಳ್ಳೆಯ ಸ್ಟೇರಿಂಗುಗಳನ್ನು ಹಿಡಿದು ಕೂತಿರುತ್ತಿದ್ದರಿಂದ ಬೋರಮ್ಮ ಆಟ ಕಲಿತದ್ದು ಅದರ ಮೇಲೆ. ಮುಂದೆ ಕಂಪನಿಯಿಂದ ಹೊಸ ಸ್ಟೇರಿಂಗ್ ಬಂದರೂ ಕೈ ಆ ಎಳೆತ ಮರೆಯಲಿಲ್ಲ. “ನೋಡ್ರೋ, ಬೋರವ್ವ ಸಲಾಂ ಹೊಡದ್ಲು, ಇನ್ನ ನಮ್ಮ ಕತಿ ಮುಗೀತು” ಎಂದು ಹುಡುಗರು ನಗುತ್ತಿದ್ದರು. ಆ ಸಲಾಂ ಈಗ ಸಿಂದಗಿ ನಾಕಾದಲ್ಲಿ, ಯಾರೂ ಕೂತಿರದ ಗಾಡಿಯಲ್ಲಿ.

ಮನೆಯಲ್ಲಿ ಅವಳ ಅಣ್ಣ ಸಂಗಣ್ಣ ಸೈಕಲ್ ಟ್ಯೂಬಿಗೆ ತೇಪೆ ಹಚ್ಚುತ್ತ ಕೂತಿದ್ದ. ಹನ್ನೊಂದು ವರ್ಷ ಆಂಬುಲೆನ್ಸ್ ಓಡಿಸಿದವನು. ಚಾಲಕನಿಲ್ಲದ ಗಾಡಿ ಬಂದ ತಿಂಗಳಲ್ಲೇ ಅವನನ್ನು ಮನೆಗೆ ಕಳಿಸಿದ್ದರು. ಅಪ್ಪ ಅವ್ವ ತೀರಿಕೊಂಡ ಮೇಲೆ ಇಬ್ಬರನ್ನೂ ಬೆಳೆಸಿದ ಆಯಿ ಮಲ್ಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

“ಅಣ್ಣಾ, ಆ ಗಾಡಿ ಓಡಸಾಕತ್ತಿದ್ದು ನಾನ.”

“ಯಾವ ಗಾಡಿ?”

“ನಿನ್ನ ಗಾಡಿ.”

ಅವಳು ಕಂಡದ್ದನ್ನು ಹೇಳಿದಳು. ಸಂಗಣ್ಣ ತೇಪೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೇ ಕೇಳಿದ. ಅವನಿಗೂ ಆ ವಾಲಾಟ ಕಂಡಿತ್ತಂತೆ. ಗಾಲಿಯ ದೋಷವೆಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದನಂತೆ.

“ಪಗಾರ ಎಷ್ಟು ಕೊಡ್ತಾರ ನಿನಗ?”

“ನನಗೇನು ಕೊಡ್ತಾರ? ಬಟ್ಟಲ ಕೊಟ್ಟಾರಲ್ಲ.”

ಅವನು ನಕ್ಕ. ನಗು ಚೆನ್ನಾಗಿರಲಿಲ್ಲ. “ಪಗಾರ ಹೆಚ್ಚು ಕೇಳಿದ್ನಿ ಅಂತ ನನ್ನ ಬಿಡಿಸಿದ್ರು. ಕೇಳಲಿಲ್ಲ ಅಂತ ನಿನ್ನ ಇಟಗೊಂಡ್ರು. ಒಂದ ಮನ್ಯಾಗ ಎರಡೂ ಕೆಲಸ ಮುಗಿಸ್ಯಾರ ನೋಡು, ಶ್ಯಾಣ್ಯಾ ಮಂದಿ.”

ಬೋರಮ್ಮ ಪಲ್ಲೆಯ ಚೀಲ ಕೆಳಗಿಟ್ಟು ಮತ್ತೆ ಚಪ್ಪಲಿ ಮೆಟ್ಟಿದಳು. ಕನಸುಗಣ್ಣಿನ ಹುಡುಗಿ ಅವಳು. ಸಿಟ್ಟು ಬಂದರೆ ಮುಂಚೆ ಅತ್ತುಬಿಡುತ್ತಿದ್ದಳು. ಅವತ್ತು ಅಳು ಬರಲಿಲ್ಲ.

*

ಆಟವನ್ನೂ ಗಾಡಿಗಳನ್ನೂ ನಡೆಸುವ ‘ವೇಗವಾಹಿನಿ’ ಕಂಪನಿಯ ನಿಯಂತ್ರಣ ಕೊಠಡಿ ಸೋಲಾಪುರ ರಸ್ತೆಯಲ್ಲಿತ್ತು. ಚಾಂಪಿಯನ್ ಬಂದಿದ್ದಾಳೆಂದು ತಿಳಿದು ಇಂಜಿನಿಯರ್ ವೈದೇಹಿ ತಾನೇ ಬಾಗಿಲಿಗೆ ಬಂದಳು. ಮೈಸೂರಿನ ಕಡೆಯವಳು, ಬೋರಮ್ಮನಿಗಿಂತ ಬಹಳವೇನೂ ದೊಡ್ಡವಳಲ್ಲ. ಮುಚ್ಚಿಡುವ ಯೋಚನೆಯೇ ಅವಳಿಗಿರಲಿಲ್ಲ. ಮಗುವಿನ ಚಿತ್ರ ತೋರಿಸುವವರ ಹಾಗೆ ಎಲ್ಲವನ್ನೂ ತೋರಿಸಿದಳು.

“ಗಾಡಿಗೆ ಕಣ್ಣಿತ್ತು, ಲೆಕ್ಕ ಇತ್ತು. ಆದರೆ ನಮ್ಮ ರಸ್ತೆಗಳಲ್ಲಿ ಎಮ್ಮೆ, ಮೆರವಣಿಗೆ, ಎದುರಿಗೆ ಬರುವ ಆಟೋ ಇವನ್ನೆಲ್ಲ ಕಂಡ ಕೂಡಲೇ ಅದು ನಿಂತುಬಿಡುತ್ತಿತ್ತು. ಎಲ್ಲಿ ತೂರಬೇಕು ಅನ್ನುವುದು ಲೆಕ್ಕಕ್ಕೆ ಸಿಗುವುದಲ್ಲ ನೋಡಿ. ಅದು ಕೈಗೆ ಗೊತ್ತಿರುತ್ತದೆ. ಕೈ ಆಡುವುದಕ್ಕೆ ಮುಂಚೆ ನರದಲ್ಲಿ ಒಂದು ಸಣ್ಣ ಮಿಂಚು ಹರಿಯುತ್ತದೆ. ಲೀಗ್ ಆಟಗಾರರಿಗೆ ನಾವು ಕೊಟ್ಟ ಸ್ಟೇರಿಂಗಿನ ಮೇಲಿನ ಪೊರೆ ಆ ಮಿಂಚನ್ನೇ ಹಿಡಿಯುತ್ತದೆ.”

“ಯಾರರೆ ಮೋಸ ಮಾಡಿದ್ರ ಹಿಡ್ಯಾಕ ಐತಿ ಅಂದಿದ್ರಿ ಆ ಪೊರೆ.”

ವೈದೇಹಿ ಗೋಡೆಯ ಪರದೆಗಳನ್ನು ಬೆಳಗಿಸಿದಳು. “ಅದಕ್ಕೂ ಆಗುತ್ತದೆ. ನಾವು ಇದನ್ನು ಕೈಗುಣ ಅಂತ ಕರೆಯುತ್ತೇವೆ. ಪ್ರತಿ ಲೀಗ್ ಮುಗಿದ ಮೇಲೆ ಹೊಸ ಪಡಿಯಚ್ಚು ತೆಗೆದು ಎಲ್ಲ ಗಾಡಿಗಳಿಗೂ ತುಂಬುತ್ತೇವೆ. ಮೂರು ವರ್ಷದಿಂದ ನಿಮ್ಮದೇ.”

ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲಿ ಒಂದೊಂದು ಊರಿನ ರಸ್ತೆ. ಬೆಳಗಾವಿ, ಲಾತೂರು, ಅನಂತಪುರ, ಹೆಸರೇ ಕೇಳಿರದ ಊರುಗಳು. ಎಲ್ಲೋ ಒಂದು ಗಾಡಿ ಬಲಕ್ಕೆ ಹೊರಳುವ ಮುಂಚೆ ಎಡಕ್ಕೆ ವಾಲಿತು. ಇನ್ನೊಂದು ವಾಲಿತು. ಮತ್ತೊಂದು. ಬೋರಮ್ಮನ ಕೈಗಳು ತಾವಾಗಿಯೇ ಮಡಿಲಿನಿಂದ ಮೇಲೆದ್ದು ಗಾಳಿಯಲ್ಲಿ ಸ್ಟೇರಿಂಗ್ ಹಿಡಿದವು. ಏಳು ಕಡಲಾಚೆಯ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ಆಯಿ ಹೇಳುತ್ತಿದ್ದಾಗ ಬೋರಮ್ಮ ಗಿಳಿಗೆ ಏನನ್ನಿಸುತ್ತಿತ್ತು ಎಂದು ಕೇಳುತ್ತಿದ್ದಳು. ಆಯಿ ಗದರುತ್ತಿದ್ದಳು. ಈಗ ಗೊತ್ತಾಯಿತು, ಏನನ್ನಿಸುತ್ತದೆಂದು.

“ನನ್ನ ಪಗಾರದ ಮಾತು ಯಾರ ಕೂಡ ಆಡಬೇಕ್ರಿ?” ಎಂದಳು.

ಆ ಮಾತಿಗೆ ಅನಿರುದ್ಧ ದೇಶಮುಖ ಎಂಬ ಮೇಲಧಿಕಾರಿ ಬಂದ. ಚಹಾ ತರಿಸಿದ. ಅವಳ ಕುರ್ಚಿಯನ್ನು ತಾನೇ ಎಳೆದು ಕೊಟ್ಟ.

“ಬೋರಮ್ಮನವರೇ, ನೀವು ನಮ್ಮ ಹೆಮ್ಮೆ. ಆದರೆ ಯೋಚನೆ ಮಾಡಿ. ನಿಮ್ಮನ್ನು ಯಾರಾದರೂ ಆಡಿ ಅಂತ ಒತ್ತಾಯ ಮಾಡಿದರೇ?”

“ಇಲ್ರಿ.”

“ಆಡುವಾಗ ನಿಮಗೆ ಖುಷಿ ಆಗುತ್ತಿತ್ತೋ ಇಲ್ಲವೋ?”

“ಆಕ್ಕಿತ್ರಿ.”

“ಮತ್ತೆ? ಖುಷಿಗೆ ಆಡಿದ್ದು ಆಟ. ಆಟಕ್ಕೆ ಸಂಬಳ ಅಂತ ಜಗತ್ತಿನಲ್ಲಿ ಎಲ್ಲಾದರೂ ಉಂಟೇ? ನೀವು ಆಡಿ ಬಿಟ್ಟು ಹೋದ ಮೇಲೆ ಉಳಿದ ಜಾಡು ಅದು. ನಡೆದುಹೋದವರು ಹೆಜ್ಜೆ ಗುರುತಿಗೆ ಬಾಡಿಗೆ ಕೇಳುತ್ತಾರೆಯೇ?”

“ನಿಮಗ ನಿಮ್ಮ ಕೆಲಸ ಸೇರತೈತೇನ್ರಿ?”

“ಖಂಡಿತ. ಪ್ರಾಣ ಉಳಿಸುವ ಕೆಲಸ, ಬಹಳ ಇಷ್ಟ.”

“ಹಂಗಾದ್ರ ನೀವು ಪಗಾರ ಯಾಕ ತಗೋತೀರಿ?”

ವೈದೇಹಿ ಪರದೆಯ ಕಡೆ ತಿರುಗಿಕೊಂಡಳು. ದೇಶಮುಖ ನಗುತ್ತಲೇ ಇದ್ದ. ಬೇಕಾದರೆ ಪ್ರತಿ ಗಾಡಿಯ ಬೆನ್ನಿಗೂ ಬೋರಮ್ಮನ ಚಿತ್ರ ಅಂಟಿಸಬಹುದು, ಕೆಳಗೆ ‘ಜೀವರಕ್ಷಕಿ’ ಎಂದು ಬರೆಸಬಹುದು ಎಂದ. ಬೋರಮ್ಮ ಚಹಾ ಮುಟ್ಟದೆ ಎದ್ದು ಬಂದಳು.

*

ರಾಚಪ್ಪನ ಅಂಗಡಿಯಲ್ಲಿ ಈ ಸುದ್ದಿ ಜಗಳವಾಯಿತು. ಲೀಗಿನಲ್ಲಿ ಯಾವಾಗಲೂ ಅವಳ ಹಿಂದೆಯೇ ಬರುತ್ತಿದ್ದ ಇಮ್ತಿಯಾಜ್ ಬಾಗವಾನ ಸ್ಟೇರಿಂಗ್ ಬಿಡದೆಯೇ ಹೇಳಿದ: “ರೊಕ್ಕ ಬಂತಂದ್ರ ಆಟದ ಮಜಾನ ಹೋತು ಬೋರಕ್ಕ. ನಾಳೆ ಇಷ್ಟ ತಾಸು ಆಡ್ರಿ, ಹಿಂಗ ಆಡ್ರಿ ಅಂತಾರ. ಈಗ ಒಂದರೆ ಜಾಗಾ ಐತಿ, ಯಾರೂ ಹೇಳೋರಿಲ್ಲ.”

“ಹೇಳೋರಿಲ್ಲ, ಖರೆ. ಕಸಗೊಳ್ಳೋರು ಅದಾರಲ್ಲ.”

“ನಿನ್ನ ಕಡೆಯಿಂದ ಏನ ಕಸಗೊಂಡಾರ? ಕೈ ಎರಡೂ ಅಲ್ಲೇ ಅದಾವು.”

ಹುಡುಗರು ನಕ್ಕರು. ಬೋರಮ್ಮ ಆ ನಗುವಿನ ನಡುವೆ ನಿಂತು, ಇಮ್ತಿಯಾಜ್ ತಿರುವಿನಲ್ಲಿ ಕಾರನ್ನು ಎಷ್ಟು ಚೆಂದ ಹೊರಳಿಸಿದನೆಂದು ನೋಡಿದಳು. ಮುಂದಿನ ವರ್ಷ ಇವನ ಕೈಗಳಿಗೆ ಸರದಿ. ಇವನು ನಗುನಗುತ್ತಲೇ ಕೊಟ್ಟುಬಿಡುತ್ತಾನೆ. ಅವಳಿಗೆ ಕಂಪನಿಗಿಂತ ಆ ಕ್ಷಣಕ್ಕೆ ಅವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಸಂಜೆ ಆಯಿ ಅವಳ ಮುಖ ನೋಡಿ, ಕೇಳದೆಯೇ ಕಥೆ ಹಿಡಿದಳು.

“ಒಬ್ಬಾಕಿ ಅರಮನ್ಯಾಗ ಬೀಸಾಕಿ ಇದ್ಲು. ಬೀಸೂಮುಂದ ಹಾಡತಿದ್ಲು. ಸಂಬಳ ಕೇಳಿದ್ರ ರಾಜಾ ಅಂದ, ನೀ ಹಾಡತೀಯಲ್ಲ, ಅಂದ್ರ ನಿನಗ ಖುಷಿ ಐತಿ, ಖುಷಿಗೆಂಥ ಸಂಬಳ. ಆಕಿ ಮರುದಿನದಿಂದ ಬಾಯಿ ಮುಚಗೊಂಡು ಬೀಸಿದ್ಲು. ತಿಂಗಳಾತು, ಮತ್ತ ಕೇಳಿದ್ಲು. ರಾಜಾ ಅಂದ, ಮಾರಿ ಗಂಟಿಕ್ಕೊಂಡು ಬೀಸಿದ್ರ ಹಿಟ್ಟು ಕಹಿ ಆಗತೈತಿ, ಕಹಿ ಹಿಟ್ಟಿಗೆ ಯಾಂವ ಕೊಡ್ತಾನ ಸಂಬಳ.”

“ಮುಂದ?”

“ಮುಂದೇನು? ಕೊಡಬಾರದು ಅಂದಾಂವಗ ಎಲ್ಲಾನೂ ಕಾರಣನ.”

“ಕತಿ ಮುಗೀಲಿಲ್ಲಲ್ಲ ಆಯಿ.”

“ಎಲ್ಲೆ ಮುಗದೈತಿ?” ಎಂದು ಆಯಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

*

ಆಮೇಲೆ ನಡೆದದ್ದು ಯಾವ ಕಥೆಯಲ್ಲೂ ನಡೆಯಬಾರದಂಥದ್ದು.

ತಾಂಡಾವೊಂದರಿಂದ ಸೀತಾಬಾಯಿ ರಾಠೋಡ ಎಂಬಾಕೆಯನ್ನು ವಿಷಮಜ್ವರವೆಂದು ಆಂಬುಲೆನ್ಸ್ ಕರೆತರುತ್ತಿತ್ತು. ಕಾಲುವೆಯ ತಿರುವಿನಲ್ಲಿ ಗಾಡಿ ವೇಗ ಇಳಿಸದೆ ಎಡಕ್ಕೆ ವಾಲಿ ಬಲಕ್ಕೆ ಹೊರಳಿತು. ಮಲಗಿದ್ದಾಕೆಯನ್ನು ಬಿಗಿದಿದ್ದ ಪಟ್ಟಿ ಕಳಚಿತು. ಜ್ವರಕ್ಕೆಂದು ಹತ್ತಿದವಳು ಸೊಂಟ ಮುರಿದುಕೊಂಡು ಇಳಿದಳು.

ಎರಡೇ ದಿನಕ್ಕೆ ದೇಶಮುಖ ಟಿವಿಯಲ್ಲಿ ಕಾಣಿಸಿಕೊಂಡ. ಮುಖದಲ್ಲಿ ತಕ್ಕಷ್ಟು ದುಃಖವಿತ್ತು. “ವಾಹನದಲ್ಲಿ ಯಾವ ದೋಷವೂ ಇಲ್ಲ. ಆ ಎಡದ ವಾಲಾಟ ಮೂಲ ಚಾಲಕಿಯ ಹಸ್ತದೋಷ. ಅವರ ವಿರುದ್ಧ ಕಾನೂನು ಕ್ರಮಕ್ಕೆ ನಾವು ಸಹಕರಿಸುತ್ತೇವೆ.”

ಸಂಗಣ್ಣ ಟಿವಿ ಆರಿಸಿದ.

“ಏನಂದ ಅಂವ?” ಎಂದಳು ಬೋರಮ್ಮ.

“ಚಾಲಕಿ ಅಂದ.”

“ಅವತ್ತ ಆಟ ಅಂದಿದ್ದ. ಹೆಜ್ಜಿ ಗುರ್ತ ಅಂದಿದ್ದ.” ಅವಳು ಎದ್ದು ನಿಂತಳು. “ಉಳದ ಜೀವಗಳೆಲ್ಲ ಅವನ ಗಾಡೀದು, ಮುರದ ಎಲುಬು ನಂದು?”

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ,” ಎಂದ ಸಂಗಣ್ಣ. “ನೀ ಆಡೂ ಗಾಡ್ಯಾಗ ಹಿಂದ ಯಾರೂ ಮಲಗಿರಂಗಿಲ್ಲ. ನಾ ಆ ಕಾಲವಿ ಹಂತ್ಯಾಕ ಬಂದಾಗ ಕಾಲು ತಾನ ಹಗುರ ಆಕ್ಕಿತ್ತು. ಹಿಂದಿನ ನರಳಾಟ ಕೇಳಸ್ತಿತ್ತು ನನಗ. ನಿನ್ನ ಕೈಗೆ ಅದನ್ನ ಯಾರೂ ಕೇಳಿಸಿಲ್ಲ.”

ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ನೋವಾಯಿತು. ಅವಳು ಓಡಿಸಿದ್ದು ಗೆಲ್ಲುವುದಕ್ಕೆ. ಯಾರಾದರೂ ಒಂದು ಮಾತು ಹೇಳಿದ್ದರೆ, ಬೋರಮ್ಮಾ, ಹಿಂದೆ ಒಬ್ಬಳು ಮಲಗಿದ್ದಾಳೆ ಎಂದು ಒಂದೇ ಮಾತು, ಆ ಕೈಗಳು ತಿರುವಿನಲ್ಲಿ ತೊಟ್ಟಿಲು ತೂಗಿದ ಹಾಗೆ ಹೊರಳುತ್ತಿದ್ದವು. ಹೇಳಿದರೆ ಅದು ಕೆಲಸವಾಗುತ್ತಿತ್ತು. ಕೆಲಸವಾದರೆ ಪಗಾರ ಕೊಡಬೇಕಾಗುತ್ತಿತ್ತು. ಹೀಗೆ ಹಣ ಉಳಿಸುವುದಕ್ಕಾಗಿ ಒಬ್ಬಳ ಸೊಂಟ ಮುರಿದಿದ್ದರು.

ಅಣ್ಣ ತಂಗಿ ಇಬ್ಬರೂ ಆಸ್ಪತ್ರೆಗೆ ಹೋದರು. ಸೀತಾಬಾಯಿ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ಅವಳ ಗಂಡ ತಾವರಪ್ಪ, ಕಲ್ಲು ಒಡೆದು ಗಟ್ಟಿಯಾದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಬೋರಮ್ಮ ತಾನು ಯಾರೆಂದು ಹೇಳಿದಳು. ಅವನು ಬೈಯಲಿಲ್ಲ. ಅವಳನ್ನು ನೋಡಿ ಕೇಳಿದ:

“ಗಾಡ್ಯಾಗ ಯಾರೂ ಇದ್ದಿಲ್ಲ. ನಾ ನೋಡೀನಿ. ಟಿವ್ಯಾಗ ನೀ ಅಂತಾರ. ಓಡಿಸಿದಾಕಿ ನೀನೋ, ಅಲ್ಲೋ? ಒಂದ ಹೇಳು. ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೂದರೆ ತಿಳೀಲಿ ನನಗ.”

ಹೌದೆಂದರೆ ಜೈಲು. ಅಲ್ಲವೆಂದರೆ ಅವಳು ಎಂದೂ ಓಡಿಸಿದವಳೇ ಅಲ್ಲ. ಆ ಕೈಗಳು ಯಾರವೂ ಅಲ್ಲ, ಮೂರು ವರ್ಷ ಯಾರೂ ದುಡಿಯಲೇ ಇಲ್ಲ. ಅವಳು ತಲೆ ತಗ್ಗಿಸಿ ಹೊರಬಂದಳು. ತಾವರಪ್ಪನ ಪ್ರಶ್ನೆ ಅವಳ ಬೆನ್ನ ಹಿಂದೆಯೇ ಬಂತು.

ಅಪಘಾತದ ವಿಚಾರಣೆಯ ಹಿಂದಿನ ದಿನ ರಾಚಪ್ಪ ಮನೆಗೇ ಬಂದ. “ನಾ ವಕೀಲರನ ಕೇಳೀನಿ. ‘ನಾ ಆಟ ಆಡತಿದ್ನಿ, ನನಗೇನೂ ಗೊತ್ತಿಲ್ಲ’ ಅಷ್ಟ ಅನ್ನು. ಕಂಪನಿ ಅವರು ಬರದ ಕೊಟ್ಟಾರ ಮೊದಲ, ಆಟಗಾರರು ನೌಕರರಲ್ಲ ಅಂತ. ನಿನ್ನ ಕೂದಲ ಮುಟ್ಟಾಕಾಗಂಗಿಲ್ಲ ಯಾರಿಗೂ.”

“ಕಂಪನಿ ಅವ್ರನ?”

“ಅವ್ರನ್ನೂ ಮುಟ್ಟಾಕಾಗಂಗಿಲ್ಲ. ಯಾರೂ ಓಡಿಸಿಲ್ಲ ಅಂತಾಗತೈತಿ. ಆದ್ರ ನಿನಗೇನ ಅದರದು? ನೀ ಪಾರಾದ್ರ ಸಾಕು.”

ಸಂಗಣ್ಣ ಅವನನ್ನು ಬಾಗಿಲವರೆಗೆ ಕಳಿಸಿ ಬಂದ. ತಂಗಿಗೆ ಜೈಲಿಗೆ ಹೋಗು ಎಂದು ಯಾವ ಅಣ್ಣ ಹೇಳುತ್ತಾನೆ?

*

ವಿಚಾರಣೆ ನಡೆದದ್ದು ಒಂದು ಸಾದಾ ಕೋಣೆಯಲ್ಲಿ. ಅಪಘಾತ ವಿಚಾರಣಾ ಅಧಿಕಾರಿ ಮಧ್ಯವಯಸ್ಸಿನ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೇರಿಸಿ ಕೂತಿದ್ದ. ಒಂದು ಕಡೆ ದೇಶಮುಖ, ವೈದೇಹಿ. ಇನ್ನೊಂದು ಕಡೆ ತಾವರಪ್ಪ ಒಬ್ಬನೇ. ನಡುವೆ ಬೋರಮ್ಮ, ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟು.

“ಅಪಘಾತ ಆದ ಹೊತ್ತಿನಲ್ಲಿ ನೀವೆಲ್ಲಿದ್ದಿರಿ?” ಎಂದು ಅಧಿಕಾರಿ ಕೇಳಿದ.

“ಮನ್ಯಾಗ ಇದ್ನಿರಿ. ಸೀರಿಗೆ ಫಾಲ್ ಹಚ್ಚಾಕತ್ತಿದ್ನಿ.”

“ಹಾಗಾದರೆ ಆ ವಾಹನವನ್ನು ಓಡಿಸಿದವರು ನೀವಲ್ಲ.”

ರಾಚಪ್ಪ ಹಿಂದಿನ ಬೆಂಚಿನಿಂದ ತಲೆಯಾಡಿಸಿ ಸನ್ನೆ ಮಾಡಿದ. ಅಲ್ಲ ಅನ್ನು.

“ನಾನ ಓಡಿಸಿದ್ದು,” ಎಂದಳು ಬೋರಮ್ಮ.

ಅವಳು ಗಂಟು ಬಿಚ್ಚಿದಳು. ಒಳಗಿದ್ದದ್ದು ಕಂಪನಿ ಕೊಟ್ಟ ಸ್ಟೇರಿಂಗ್. ಅದನ್ನೆತ್ತಿಕೊಂಡು ಹೋಗಿ ತಾವರಪ್ಪನ ಮುಂದಿನ ಮೇಜಿನ ಮೇಲಿಟ್ಟಳು. ಆ ಸೀಮೆಯ ಹಳೆಯ ಡ್ರೈವರುಗಳಲ್ಲಿ ಒಂದು ನಡತೆಯಿತ್ತು: ಅಪಘಾತವಾದರೆ ಗಾಡಿ ಬಿಟ್ಟು ಓಡದೆ, ಇಳಿದು ಬಂದು, ಕೀಲಿಯನ್ನು ನೊಂದವರ ಕೈಗೆ ಕೊಟ್ಟು ನಿಲ್ಲುವುದು. ನಾನು ಓಡುವವನಲ್ಲ, ಇನ್ನು ನೀವುಂಟು ನಾನುಂಟು ಎಂಬುದು ಅದರ ಅರ್ಥ. ತಾವರಪ್ಪನಿಗೆ ಅದು ಗೊತ್ತಿತ್ತು. ಕೋಣೆಯಲ್ಲಿ ಗೊತ್ತಿಲ್ಲದವನೆಂದರೆ ದೇಶಮುಖ.

“ಕೀಲಿ ನನ್ನ ಹಂತ್ಯಾಕ ಇಲ್ಲ ಕಾಕಾ. ಇದ ಐತಿ,” ಎಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. “ಆ ಎಡಕ್ಕ ವಾಲೂದು ನಂದ ಕೈ ಸಾಹೇಬ್ರ. ಸುಳ್ಳಲ್ಲ. ಆ ತಾಯಿ ಸೊಂಟ ನನ್ನ ಕೈಯಿಂದ ಮುರದೈತಿ. ಅದರ ಶಿಕ್ಷಾ ಏನೈತಿ, ಕೊಡ್ರಿ. ಆದ್ರ ಅದ ಕೈ ಬೆಳಗಾವ್ಯಾಗ ಓಡಿಸೈತಿ, ಲಾತೂರಾಗ ಓಡಿಸೈತಿ, ಮೂರು ವರ್ಷ ಹಗಲಿ ರಾತ್ರಿ ಓಡಿಸೈತಿ. ಮುರದಿದ್ದು ನಂದು ಅಂತ ಬರದ್ರ, ಮಂದೀನ ದವಾಖಾನಿಗೆ ಮುಟ್ಟಿಸಿದ್ದೂ ನಂದ ಅಂತ ಬರೀರಿ. ಡ್ರೈವರ್ ಅಂತ ಬರದು ಡ್ರೈವರ್ ಪಗಾರ ಬರೀರಿ. ಹಿಂದ ಮನಷ್ಯಾರು ಮಲಗಿದ್ದು ನನಗ ಯಾಕ ಹೇಳಲಿಲ್ಲ ಅಂತ ಅವ್ರನ್ನೂ ಕೇಳ್ರಿ.”

ದೇಶಮುಖ ಎದ್ದ. ಅವನ ಮಾತಿನ ಮೃದುತ್ವ ಮೊದಲ ಸಲ ತುಸು ಹರಿದಿತ್ತು. “ಸರ್, ಇದರಲ್ಲೊಂದು ತಪ್ಪು ತಿಳುವಳಿಕೆ ಇದೆ. ಚಾಲಕಿ ಅನ್ನುವ ಪದ ನಾವು ಸಡಿಲವಾಗಿ ಬಳಸಿದ್ದು. ಆಕೆಯ ಮೇಲಿನ ಆರೋಪವನ್ನು ಕಂಪನಿ ಹಿಂದಕ್ಕೆ ಪಡೆಯುತ್ತದೆ. ಆಕೆ ನಿರ್ದೋಷಿ. ಬರೀ ಆಟಗಾರ್ತಿ.”

“ನಾ ನಿರ್ದೋಷಿ ಅಲ್ಲ,” ಎಂದಳು ಬೋರಮ್ಮ. “ನನ್ನ ದೋಷ ನನಗ ಬಿಡ್ರಿ. ಅದನ್ನೂ ಕಸಗೋಬ್ಯಾಡ್ರಿ.”

ಅಧಿಕಾರಿ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದ. “ತಂಗಿ, ತಿಳಿದು ಮಾತಾಡು. ಅವರೇ ಬಿಡುತ್ತೇವೆ ಅನ್ನುತ್ತಿದ್ದಾರೆ. ನೀನು ಹೂಂ ಅಂದರೆ ಈಗಲೇ ಮನೆಗೆ ಹೋಗಬಹುದು. ಚಾಲಕಿ ಅಂತ ನಾನು ಬರೆದುಕೊಂಡರೆ ನಿನ್ನ ಮೇಲೆ ಮೊಕದ್ದಮೆ ನಡೆಯುತ್ತದೆ. ನಡೆಯಲೇಬೇಕಾಗುತ್ತದೆ.”

“ನಡೀಲ್ರಿ. ಬರೀರಿ.”

ಪೆನ್ನು ಕಾಗದದ ಮೇಲೆ ತಡೆದು ನಿಂತಿತು. ವೈದೇಹಿ ಏನೋ ಹೇಳಲು ಬಾಯಿ ತೆರೆದಳು. ದೇಶಮುಖ ಅವಳ ಕಡೆ ಒಮ್ಮೆ ನೋಡಿದ, ಅವಳು ಸುಮ್ಮನಾದಳು. ಅವನೇ ಮತ್ತೆ ಶುರು ಮಾಡಿದ. “ಸರ್, ನೊಂದ ಕುಟುಂಬದ ಹಿತದೃಷ್ಟಿಯಿಂದಲಾದರೂ...”

ಕುರ್ಚಿ ಸರಿದ ಸದ್ದಾಯಿತು. ತಾವರಪ್ಪ ಎದ್ದು ನಿಂತಿದ್ದ. ಮುಂದಿದ್ದ ಸ್ಟೇರಿಂಗಿನ ಮೇಲೆ ಅವನ ಒಡಕು ಬೆರಳುಗಳಿದ್ದವು. ಅವನು ಬೋರಮ್ಮನನ್ನು ನೋಡಿದ. ಅವನ ಕಣ್ಣಲ್ಲಿ ಕ್ಷಮೆಯೇನೂ ಇರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

“ಕುಂದರ್ರಿ ನೀವು,” ಎಂದು ಅವನು ದೇಶಮುಖನಿಗೆ ಹೇಳಿದ. ಆಮೇಲೆ ಅಧಿಕಾರಿಗೆ: “ಬರೀರಿ ಸಾಹೇಬ್ರ. ಓಡಿಸಿದಾಕಿ ಈಕಿ. ಓಡಿಸಿಗೊಂಡವರು ಅವ್ರು.”